ಪುಸ್ತಕದಲ್ಲಿಲ್ಲದ ಸಾಲು

ಶ್ರೀಶೈಲಕ್ಕೆ ನಡೆದು ಹೋಗಬೇಕಿದ್ದ ನೀಲವ್ವನನ್ನು ಹೊಸ್ತಿಲಲ್ಲೇ ಕೂರಿಸಿದವಳು ನಾನು. ಕೈ ಹಿಡಿದು ತಡೆಯಲಿಲ್ಲ, ಜಗಳ ತೆಗೆಯಲಿಲ್ಲ. ಅವಳಿಗೆ ಪುಸ್ತಕ ಓದಿ ಹೇಳುತ್ತ, ಅದರಲ್ಲಿಲ್ಲದ ಒಂದು ಸಾಲನ್ನು ನಡುವೆ ಸೇರಿಸಿದೆ. ಅಷ್ಟು ಸಾಕೆಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಓದಿದೆ.

ನೀಲವ್ವ ನನ್ನ ಗಂಡನ ಅಣ್ಣನ ಹೆಂಡತಿ. ದುಂಡಸಿಯಲ್ಲಿ ಒಂದೇ ಮನೆ, ಒಂದೇ ಒಲೆ. ನಾನು ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ; ಬೆಳಿಗ್ಗೆ ಬಸ್ಸು ಹತ್ತಿದರೆ ಮತ್ತೆ ಮನೆ ಸೇರುವುದು ಸಂಜೆಗೆ. ಅವಳಿಗೆ ಅಕ್ಷರ ಬಾರದು. ಅಡುಗೆ, ಎಮ್ಮೆ, ಲಕ್ವಾ ಹೊಡೆದು ಮಲಗಿದ್ದ ನಮ್ಮ ಮಾವ — ಎಲ್ಲವೂ ಅವಳ ಪಾಲಿಗೆ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಈಗಲೂ ಅನ್ನುತ್ತೇನೆ, ನಾಲಿಗೆಗೇನು, ಅದಕ್ಕೆ ನಾಚಿಕೆ ಎಲ್ಲಿದೆ.

ನಮ್ಮ ಕಡೆ ಯುಗಾದಿಗೆ ಮುಂಚೆ ಮಲ್ಲಯ್ಯನ ಭಕ್ತರು ಕಂಬಿಯನ್ನು, ಅಂದರೆ ದೇವರ ಕಾವಡಿಯನ್ನು, ಸಿಂಗರಿಸಿ, ಹೆಗಲಿನಿಂದ ಹೆಗಲಿಗೆ ಬದಲಿಸುತ್ತ ಶ್ರೀಶೈಲಕ್ಕೆ ನಡೆಯುತ್ತಾರೆ. ಹೊರಡುವ ಮುನ್ನ, ಹೋಗುವವರ ಮನೆಯಲ್ಲಿ ಶ್ರೀಶೈಲದ ಮಹಿಮೆ ಓದಿಸುವುದು ರೂಢಿ. ನಮ್ಮ ಮನೆಯ ಪುಸ್ತಕಕ್ಕೆ ರಟ್ಟು ಹೋಗಿತ್ತು, ಬರೆದವರ ಹೆಸರೂ ರಟ್ಟಿನ ಜೊತೆಗೇ ಹೋಗಿತ್ತು. ಎಲ್ಲರೂ ‘ಮಲ್ಲಯ್ಯನ ಪುಸ್ತಕ’ ಎನ್ನುತ್ತಿದ್ದರು. ಮಣೆಯ ಮೇಲಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿ ಓದಬೇಕು. ನಡುವೆ ಯಾರೂ ಬಾಯಿ ಹಾಕಬಾರದು. ಓದುವವರು ಅಲ್ಲಲ್ಲಿ ಬಿಟ್ಟು ಓದುವುದುಂಟು, ಹಾಗಾಗಿ ಹಿಂದೆ ಕೇಳದ ಸಾಲು ಬಂದರೂ ಯಾರೂ ಬೆರಗಾಗುತ್ತಿರಲಿಲ್ಲ. ಮಣೆಯಿಂದ ಬಂದ ಮಾತು ಓದುವವಳದಲ್ಲ, ಮಲ್ಲಯ್ಯನದು — ಹಾಗೆಂದು ನಂಬಿಕೆ.

ನೀಲವ್ವ ಊರಿನ ಎಷ್ಟೋ ಮನೆಗಳಲ್ಲಿ ಕುಳಿತು ಅದನ್ನು ಕೇಳಿದ್ದಳು. ಕಂಡವಳಂತೆ ದಾರಿ ಹೇಳುತ್ತಿದ್ದಳು: ಅಡವಿ ಎಲ್ಲಿ ಶುರುವಾಗುತ್ತದೆ, ಭೀಮನಕೊಳ್ಳದಲ್ಲಿ ಕಾಲು ಎಲ್ಲಿ ಜಾರುತ್ತದೆ, ಕೊನೆಗೆ ಗುಡ್ಡದ ಮೇಲಿನ ನಂದಿಗೆ ಎಳ್ಳು ಅರ್ಪಿಸಿ, ಅದರ ಕೊಂಬುಗಳ ನಡುವಿನಿಂದ ಶಿಖರ ನೋಡುವುದು ಹೇಗೆ. ಶಿಖರ ಕಂಡರೆ ಮತ್ತೆ ಹುಟ್ಟಿಲ್ಲ. ಅವಳಿಗೆ ಬೇಕಾಗಿದ್ದುದು ಅದೊಂದೇ. ಯಾಕೆಂದು ನನಗೊಬ್ಬಳಿಗೆ ಗೊತ್ತಿತ್ತು.

ನನ್ನ ಬಾಣಂತನ ಅವಳೇ ಮಾಡಿದ್ದಳು. ಒಂದು ಮಧ್ಯಾಹ್ನ ನನ್ನ ಕೂಸಿಗೆ ಎಣ್ಣೆ ತಿಕ್ಕುತ್ತ, ತಲೆ ಎತ್ತದೆ ಹೇಳಿದಳು. ನಾನು ಆ ಮನೆಗೆ ಬರುವ ಮೊದಲು ಅವಳಿಗೊಬ್ಬ ಮಗನಿದ್ದ, ದನದ ನೀರಿನ ತೊಟ್ಟಿಯಲ್ಲಿ ಬಿದ್ದು ತೀರಿಹೋದ — ಅಷ್ಟು ಊರಿಗೇ ಗೊತ್ತಿತ್ತು. ಊರಿಗೆ ಗೊತ್ತಿಲ್ಲದ್ದು ಇದು:

“ಹಿತ್ತಲದಾಗಿಂದ ಅವ್ವಾ ಅಂತ ಕರದಾ ಗಿರಿಜಾ. ಕೇಳಿಸ್ತು ನನಗ. ಬಂದೆ ತಡಿ, ಇದೊಂದು ರೊಟ್ಟಿ ಆಗ್ಲಿ ಅಂದೆ. ಯಾರ ಮುಂದೂ ಹೇಳಿಲ್ಲ. ನೀ ಓದಿದಾಕಿ, ನಿನ್ನ ಹೊಟ್ಟ್ಯಾಗ ಇರ್ತೈತಿ.”

ಇತ್ತು. ನನ್ನ ಹೊಟ್ಟೆಯಲ್ಲಿ ಅದು ಭದ್ರವಾಗಿಯೇ ಇತ್ತು, ಬೇಕಾದಾಗ ತೆಗೆಯಲು.

ಕೆಲವು ವರ್ಷಗಳ ನಂತರ ಅವಳು ಹೊರಡುವುದು ಗಟ್ಟಿಯಾಯಿತು. ಭಾವ ಒಪ್ಪಿದರು, ಕಂಬಿಯ ಹಿರಿಯ ಈರಪ್ಪಜ್ಜ ಒಪ್ಪಿದ. ನನ್ನನ್ನು ಯಾರೂ ಕೇಳಲಿಲ್ಲ. ಅವಳು ಬರುವವರೆಗೂ ನಾನು ಶಾಲೆಗೆ ರಜೆ ಹಾಕಿ, ಮಾವನ ಹೇಲುಚ್ಚೆ ಬಳಿಯುತ್ತ ಕೂರಬೇಕು ಎಂಬುದು ತಾನೇ ತೀರ್ಮಾನವಾಗಿಬಿಟ್ಟಿತ್ತು. ಅದೊಂದೇ ಕಾರಣ ಎಂದರೆ ಸುಳ್ಳಾದೀತು. ಆ ವಾರವೇ ಸವಣೂರಿನಿಂದ ಬಂದ ಬೀಗರ ಎದುರು ಅವಳು ನನ್ನ ರೊಟ್ಟಿ ಎತ್ತಿ ಹಿಡಿದು, “ಸಾಲಿ ಕಲ್ತ ಕೈಯಾಗ ರೊಟ್ಟಿ ತಿರುಗೂದಿಲ್ರಿ, ತಿನ್ರಿ ಹಂಗ” ಎಂದು ನಕ್ಕಿದ್ದಳು. ಎಲ್ಲರೂ ನಕ್ಕರು. ಚೇಷ್ಟೆಯ ಮಾತು, ಮನೆಮಂದಿ ಆಡುವಂಥದೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ರೊಟ್ಟಿಯ ಮಾತು ಆಡುವವಳು ಇವಳೇ ನೋಡು, ಎಂದುಕೊಂಡೆ.

ಸಾಲನ್ನು ಬಸ್ಸಿನಲ್ಲಿ ಕಟ್ಟಿದೆ. ಹಳೆಯ ಪುಸ್ತಕದ ಧಾಟಿ ನನಗೆ ಚೆನ್ನಾಗಿ ಬರುತ್ತಿತ್ತು, ಅದನ್ನು ಕಲಿಸಿಯೇ ಸಂಬಳ ತೆಗೆದುಕೊಳ್ಳುತ್ತಿದ್ದೆ. ಒಂದೆರಡು ಪದ ಬದಲಿಸಿ ನೋಡಿದೆ. ಚೆಂದವಾಗಿ ಕೂತಾಗ — ಹೇಳಿಯೇಬಿಡುತ್ತೇನೆ — ಖುಷಿಯಾಯಿತು.

ಸಂಜೆ ನಮ್ಮ ಪಡಸಾಲೆಯಲ್ಲಿ ನಡೆಯುವವರೆಲ್ಲ ಕೂತಿದ್ದರು. ನೀಲವ್ವ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮಣೆಯ ಮೇಲಿಟ್ಟಳು. ಶಿಖರದ ಅಧ್ಯಾಯ ಬಂತು. ಯಾರಿಗೆಲ್ಲ ಶಿಖರ ಕಾಣುತ್ತದೆ ಎಂಬ ಭಾಗ ಮುಗಿಸಿ, ದನಿ ಬದಲಿಸದೆ ಓದಿದೆ:

“ಕರೆದ ಕೂಸಿಗೆ ಓಗೊಡದ ತಾಯಿಗೆ ಶಿಖರವು ಕಾಣದು, ಅವಳೊಡನೆ ನಡೆದವರಿಗೂ ಕಾಣದು.”

ಮೊದಲರ್ಧ ಅವಳನ್ನು ಅಳಿಸುತ್ತಿತ್ತು, ಆದರೆ ತಡೆಯುತ್ತಿರಲಿಲ್ಲ. ಕಾಣದಿದ್ದರೂ ಕೈ ಮುಗಿದು ಬರುತ್ತೇನೆಂದು ಹೊರಟುಬಿಡುತ್ತಿದ್ದಳು. ಉಳಿದವರ ಪುಣ್ಯಕ್ಕೆ ತಾನು ಅಡ್ಡವಾಗುವುದನ್ನು ಮಾತ್ರ ಅವಳು ತಾಳುವವಳಲ್ಲ. ಅದು ತಿಳಿದೇ ಎರಡನೆಯ ಅರ್ಧ ಹಾಕಿದ್ದೆ. ಅವಳ ಒಳ್ಳೆಯತನವನ್ನೇ ಅಳೆದು, ಅದರ ಅಳತೆಗೆ ಸರಿಯಾಗಿ.

ನಾನು ತಲೆಯೆತ್ತಿ ನೋಡಿದೆ — ನೋಡಬೇಕೆಂದೇ. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಮಣೆಯತ್ತಲೇ ನೋಡುತ್ತಿದ್ದಳು. ನನ್ನನ್ನು ನೋಡಲಿಲ್ಲ. ಅನುಮಾನ ಅವಳ ಹತ್ತಿರವೂ ಸುಳಿಯಲಿಲ್ಲ. ಮಲ್ಲಯ್ಯನಿಗೆ ಎಲ್ಲ ಗೊತ್ತು ಎಂದಷ್ಟೇ ಅವಳಿಗೆ ತಿಳಿದದ್ದು.

ಬೆಳಿಗ್ಗೆ ಈರಪ್ಪಜ್ಜ ಕಂಬಿಯೊಂದಿಗೆ ಬಾಗಿಲಿಗೆ ಬಂದ. “ಏಳ್ ಬೇ ನೀಲವ್ವ, ಹೊತ್ತಾತು.”

“ಮೊಣಕಾಲ ಬ್ಯಾನಿ ಹತ್ತೈತ್ರಿ ಅಜ್ಜಾ. ನೀವು ನಡೀರಿ.”

“ನಿನ್ನೆತನಾ ಇರಲಿಲ್ಲಲ್ಲ ಬ್ಯಾನಿ?”

ಅವಳು ಒಳಗೆ ಹೋಗಿ ಬುಟ್ಟಿ ತಂದಳು. ದಾರಿಗೆಂದು ವಾರವಿಡೀ ತಟ್ಟಿ ಒಣಗಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. “ನನ್ನ ರೊಟ್ಟಿನರ ಹೋಗ್ಲಿ ತಗೋರಿ” ಎಂದಳು. ಹೆಂಗಸರು ಓಣಿ ದಾಟುವ ಮೊದಲೇ ಆಡಿಕೊಂಡರು: ದೊಡ್ಡವರ ಮನೆಯಾಕಿ, ಬರಿಗಾಲಾಗ ನಡಿಯಾಕ ಬರೂದಿಲ್ಲ ಅಂತ. ನಾನು ಕಟ್ಟೆಯ ಮೇಲೆ ನಿಂತು ಕೇಳಿಸಿಕೊಂಡೆ. ಆಮೇಲೆ ಶಾಲೆಯ ಬಸ್ಸು ಹಿಡಿದೆ.

ಮಾವ ತೀರಿಕೊಂಡ ಮೇಲೆ ಸಹೋದ್ಯೋಗಿಗಳ ಜೊತೆ ನಾನೇ ಶ್ರೀಶೈಲಕ್ಕೆ ಹೋದೆ — ಬಸ್ಸಿನಲ್ಲಿ, ಮೆತ್ತನೆಯ ಸೀಟಿನಲ್ಲಿ. ನಂದಿಗೆ ಎಳ್ಳು ಅರ್ಪಿಸಿ, ಕೊಂಬುಗಳ ನಡುವೆ ಕಣ್ಣಿಟ್ಟೆ. ಕಾಣಬಾರದಿತ್ತು. ಕಂಡಿತು, ಸ್ಪಷ್ಟವಾಗಿ, ಬಿಸಿಲಿನಲ್ಲಿ. ಮನೆಗೆ ಬಂದು ಪ್ರಸಾದ ಕೊಟ್ಟಾಗ ಅವಳು ಕೇಳಿದ್ದು ಒಂದೇ ಮಾತು.

“ಕಾಣ್ತೇನು ಗಿರಿಜಾ?”

“ಕಾಣ್ತು ಅಕ್ಕ.”

“ಕಾಣದ ಏನ್ ಮಾಡೀತು? ನೀ ಪುಣ್ಯವಂತಿ. ಹುಡುಗ್ರು ಕರದ್ರ ಓಡಿ ಹೋಗಾಕಿ.”

ಅಂದೇ ಹೇಳಬೇಕಿತ್ತು. ಅಥವಾ ಮಣೆಯ ಮುಂದೆ ಕೂತು, ಅಂಥ ತಾಯಿಯನ್ನೂ ಮಲ್ಲಯ್ಯ ಕ್ಷಮಿಸುತ್ತಾನೆ ಎಂದು ಇನ್ನೊಂದು ಸಾಲು ಕಟ್ಟಬಹುದಿತ್ತು — ಹೊಳೆದಿರಲಿಲ್ಲ ಎಂದುಕೊಳ್ಳಬೇಡಿ. ಅವಳಿಲ್ಲದೆ ಮನೆ ನಡೆಯುತ್ತಿರಲಿಲ್ಲ. ನನಗೆ ಅನುಕೂಲವಾಗಿತ್ತು.

ಆದರೆ ಪ್ರತಿ ವರ್ಷ ಅವಳು ಓದಿಸುವುದನ್ನು ಬಿಡಲಿಲ್ಲ. ತಾನು ಹೋಗುವುದಿಲ್ಲ, ಹೋಗುವವರಿಗಾಗಿ ನಮ್ಮ ಪಡಸಾಲೆಯಲ್ಲೇ ಓದಿಸುತ್ತಿದ್ದಳು. ಶಿಖರದ ಅಧ್ಯಾಯ ಬಂದಾಗ ಸರಿಯಾಗಿ ಕೂರುತ್ತಿದ್ದಳು. ಒಮ್ಮೆ ಆ ಸಾಲು ಬಿಟ್ಟು ಓದಿದೆ. ಮುಗಿದ ಮೇಲೆ ಅಡುಗೆಮನೆಗೆ ಕರೆದು, “ನನ್ನ ಸಾಲು ಬಿಟ್ಟೆಲ್ಲ” ಎಂದಳು. ಇನ್ನೊಂದು ವರ್ಷ ಬಾಯಿತಪ್ಪಿ ‘ಶಿಖರವು ತೋರದು’ ಎಂದೆ. “ಕಾಣದು ಅಂತೈತಿ” ಎಂದು ತಿದ್ದಿದಳು. ನಾನು ಬಸ್ಸಿನಲ್ಲಿ ಕಟ್ಟಿದ ಸಾಲು ಅವಳಿಗೆ ಬಾಯಿಪಾಠವಾಗಿತ್ತು.

ಈಗ ಅವಳ ಕಾಲು ಸೋತಿವೆ, ಕಣ್ಣೂ ಇಲ್ಲ. ಕಣ್ಣಿನ ನರ ಒಣಗಿವೆ, ಆಪರೇಶನ್‌ಗೂ ಬರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಶಿಖರದ ಎದುರು ನಿಲ್ಲಿಸಿದರೂ ಕಾಣದು — ನನ್ನ ಮಾತು ನಿಜವಾಯಿತು ನೋಡಿ. ಈ ವರ್ಷ ಯುಗಾದಿಗೆ ಮುಂಚೆ ಅವಳ ಕಾಲ ಬಳಿ ಕೂತು ಎಲ್ಲ ಹೇಳಿದೆ. ಬಸ್ಸು, ಬೀಗರು, ರೊಟ್ಟಿ, ಎಲ್ಲ. “ಅಕ್ಕ, ಅದು ಪುಸ್ತಕದಾಗ ಇಲ್ಲ. ನಾನ ಕಟ್ಟಿ ಓದಿದ್ದು.”

ಅವಳು ನನ್ನ ತಲೆ ಹುಡುಕಿ ಕೈಯಿಟ್ಟಳು.

“ನನ್ನ ಸಮಾಧಾನಕ್ಕ ಮಲ್ಲಯ್ಯನ ಪುಸ್ತಕ ಸುಳ್ಳು ಮಾಡಬ್ಯಾಡ. ನನ್ನ ಕೈಲೆ ಬಾಣಂತನ ಮಾಡಿಸ್ಕೊಂಡಾಕಿ ನೀನು, ನಿನಗ ಅಷ್ಟು ಕೆಟ್ಟತನ ಎಲ್ಲಿಂದ ಬರಬೇಕು? ಓದು.”

ಓದಿದೆ. ಆ ಸಾಲನ್ನೂ ಓದಿದೆ.

ನನ್ನ ಬಾಯಿಮಾತನ್ನು ಅವಳು ನಂಬುವುದಿಲ್ಲ. ಅಚ್ಚಾದದ್ದನ್ನು ನಂಬುತ್ತಾಳೆ. ಅದಕ್ಕೇ ಇದನ್ನು ಬರೆದೆ. ಕೇಳಿದ ಮೇಲೆ ಅವಳಿಗೆ ಸಿಗುವುದಾದರೂ ಏನು — ನಡೆಯಬಹುದಿತ್ತು, ಕಾಣಬಹುದಿತ್ತು ಎಂಬುದಷ್ಟೇ, ಕಾಲು ಕಣ್ಣು ಎರಡೂ ಹೋದ ಮೇಲೆ. ಇದೂ ಕ್ರೌರ್ಯವೇ ಇರಬಹುದು. ಆದರೆ ಆ ಮಗುವಿನ ಕೂಗಿನ ಜೊತೆ ನನ್ನ ಸಾಲನ್ನೂ ಹೊತ್ತು ಅವಳು ಮಣ್ಣಿಗೆ ಹೋಗಬಾರದು. ಅಚ್ಚಾಗಿ ಬಂದ ದಿನ ಮಣೆ ಹಾಕುತ್ತೇನೆ, ಈರಪ್ಪಜ್ಜನ ಮಕ್ಕಳನ್ನೂ ಅಂದು ಆಡಿಕೊಂಡ ಹೆಂಗಸರನ್ನೂ ಕರೆಸುತ್ತೇನೆ. ಅವಳು ಇದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಡುತ್ತಾಳೆ. ನಾನೇ ಓದುತ್ತೇನೆ, ಒಂದು ಸಾಲೂ ಬಿಡದೆ.