ಜಾಗ ಕೊಟ್ಟ ಅಕ್ಕ

ಮೊನ್ನೆ ಮಂಗಳೂರಿಗೆ ಹೋಗಿ ನಮ್ಮ ಹಳೆಯ ಫ್ಲ್ಯಾಟಿನ ಲಿಫ್ಟ್ ಹತ್ತಿದಾಗ ಒಳಗೆಲ್ಲ ಬೇಬಿ ಪೌಡರಿನ ಪರಿಮಳ ತುಂಬಿತ್ತು. ಯಾರೋ ಸ್ನಾನ ಮಾಡಿಸಿದ ಕೂಸನ್ನು ಎತ್ತಿಕೊಂಡು ಆಗಷ್ಟೇ ಇಳಿದು ಹೋಗಿರಬೇಕು. ಬೇರೆಯವರಿಗಾದರೆ ಆ ಪರಿಮಳದಿಂದ ತೊಟ್ಟಿಲು ನೆನಪಾಗುತ್ತದೆ. ನನಗೆ ನೆನಪಾಗುವುದು ಎಣ್ಮಕಜೆಯ ಕಡೆ ಗುಡ್ಡದ ಮೇಲಿದ್ದ ಒಂದು ಹಂಚಿನ ಮನೆ, ಅದರ ಒಳಕೋಣೆ, ಅಲ್ಲಿ ಚಾಪೆಯ ಮೇಲೆ ಮಲಗಿರುತ್ತಿದ್ದ ಇಪ್ಪತ್ತು ದಾಟಿದ ಒಬ್ಬಳು ಹುಡುಗಿ... ಅವಳನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಪೌಡರು ಹಚ್ಚುತ್ತಿದ್ದ ಅವಳ ತಾಯಿ. ಆ ತಾಯಿಯಿಂದಲೇ ನಾವು ಜಾಗ ಕೊಂಡದ್ದು.

ಆಗ ಮಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಜಾಗದ ಮಾತೇ ಇತ್ತು. ನಾನು ಟೀಚರಾಗಿದ್ದ ಶಾಲೆಯ ಸ್ಟಾಫ್ ರೂಮಿನಲ್ಲಿ, ನನ್ನವರು ಬೆಳಿಗ್ಗೆ ವಾಕಿಂಗ್ ಹೋಗುವ ಮೈದಾನದಲ್ಲಿ, ಮದುವೆ ಊಟದ ಸಾಲಿನಲ್ಲಿ ಕೂಡ. ಊರೊಳಗೆ ಒಂದು ತುಂಡು ನೆಲಕ್ಕೆ ಕೈ ಹಾಕುವ ಹಾಗಿರಲಿಲ್ಲ. ತಲಪಾಡಿಯ ಗಡಿ ದಾಟಿದರೆ ಬೇಕಾದಷ್ಟು ಸಿಗುತ್ತದೆ, ಕಾರಿನಲ್ಲಿ ಒಂದೂಕಾಲು ಗಂಟೆ, ಶನಿವಾರ ಹೋಗಿ ಭಾನುವಾರ ಬರಬಹುದು ಎಂದು ಯಾರೋ ಹೇಳಿದರು. ನನ್ನವರಿಗೆ ಮಣ್ಣಿನ ಹುಚ್ಚು ಮೊದಲೇ ಇತ್ತು. ಬಾಲ್ಕನಿಯಲ್ಲಿ ಡ್ರಮ್ಮಿನೊಳಗೆ ಬಾಳೆ ನೆಟ್ಟು ಕೆಳಗಿನ ಮನೆಯವರಿಂದ ಬೈಸಿಕೊಂಡವರು ಅವರು.

ಸೀತಾಂಗೋಳಿಯ ಬ್ರೋಕರ್ ಬ್ಯಾರಿಯೊಬ್ಬರು ನಮ್ಮನ್ನು ಹಲವು ಭಾನುವಾರ ಅಲ್ಲಿ ಇಲ್ಲಿ ಸುತ್ತಾಡಿಸಿದರು. ಕೊನೆಗೆ ಒಂದು ರಬ್ಬರ್ ತೋಟದ ಬುಡದಲ್ಲಿ ಕಾರು ನಿಲ್ಲಿಸಿ, "ಇನ್ನು ನಡೀಬೇಕು ಟೀಚರೇ. ಮಾರ್ಗ ಇಲ್ಲ. ಆದರೆ ಜಾಗ ನೋಡಿದ್ರೆ ನೀವು ಬಿಡುದಿಲ್ಲ" ಎಂದರು. ತೋಟದ ಬದಿಯಲ್ಲಿ ಮುಳ್ಳುತಂತಿ ಎಳೆದಿದ್ದರು. ತಂತಿಗೂ ನೀರು ಹರಿಯುವ ತೋಡಿಗೂ ನಡುವೆ ಒಬ್ಬರು ಕಷ್ಟದಲ್ಲಿ ಹೋಗುವಷ್ಟು ಕಾಲುದಾರಿ. ಮೇಲೆ ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳು. ಏದುಸಿರು ಬಿಡುತ್ತಾ ಹತ್ತಿದರೆ ತಟ್ಟನೆ ಬಯಲಾಗುವ ಗುಡ್ಡದ ನೆತ್ತಿ, ಗೇರುಮರಗಳು, ಎರಡು ಹಲಸಿನ ಮರ, ಬೇಸಿಗೆಯಲ್ಲೂ ನೀರಿದ್ದ ಬಾವಿ. ನನ್ನವರು ಬಾವಿಯೊಳಗೆ ಇಣುಕಿ ನೋಡಿದ ರೀತಿಯಲ್ಲೇ ಇದು ನಮ್ಮದಾಯಿತು ಎಂದು ನನಗೆ ಗೊತ್ತಾಗಿತ್ತು.

ಅಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಐವತ್ತು ದಾಟಿದ ಹೆಂಗಸು, ಸಪೂರ, ಒಂದು ಭುಜ ಇನ್ನೊಂದಕ್ಕಿಂತ ತುಸು ಕೆಳಗೆ. ಬ್ರೋಕರ್ ಅವರನ್ನು ಅಕ್ಕ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಅವರು ನನ್ನನ್ನು ಮೊದಲ ದಿನವೇ ತಂಗಿ ಎಂದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು. ಹುಟ್ಟಿದಂದಿನಿಂದ ಕೂತವಳಲ್ಲ, ಮಾತಾಡಿದವಳಲ್ಲ. ಹುಡುಗಿ ಬೆಳೆದು ದೊಡ್ಡವಳಾದರೂ ಅಕ್ಕನಿಗೆ ಅವಳು ಮಗು, ಊರಿಗೆಲ್ಲ ಮಗು.

"ಇವಳು ಹೊಟ್ಟೆಯಲ್ಲಿರುವಾಗ ಗೇರುತೋಟಕ್ಕೆ ಮೇಲಿಂದ ಹೆಲಿಕಾಪ್ಟರಿನಲ್ಲಿ ಹುಳ ಸಾಯುವ ಮದ್ದು ಬಿಡ್ತಾ ಇದ್ರು. ಬಾವಿ ಮುಚ್ಚಿಡಿ ಅಂತ ಹೇಳಿದ್ರು, ತೆಂಗಿನ ಮಡಲು ಹಾಕಿ ಮುಚ್ಚಿದ್ದೆ. ನನ್ನನ್ನು ಎಂತದರಲ್ಲಿ ಮುಚ್ಚುದು..." ಎಂದರು ಒಮ್ಮೆ. ಆ ಒಂದು ಸಲ ಬಿಟ್ಟರೆ ಆ ವಿಷಯ ಅವರ ಬಾಯಿಂದ ನಾನು ಕೇಳಲಿಲ್ಲ.

ಮಗುವಿನ ಕೋಣೆಯ ಮಾಡಿನಲ್ಲಿ ಹಂಚುಗಳ ನಡುವೆ ಒಂದು ಕನ್ನಡಿ ಹಂಚು ಇತ್ತು. ಅದರಿಂದ ಬಿಸಿಲು ಒಂದು ಚೌಕ ತುಂಡಾಗಿ ಕೆಳಗೆ ಬೀಳುತ್ತಿತ್ತು. ಬೆಳಿಗ್ಗೆ ಗೋಡೆಯ ಮೇಲೆ, ಮಧ್ಯಾಹ್ನ ಚಾಪೆಯ ಮೇಲೆ, ಆಮೇಲೆ ಆಚೆ ಗೋಡೆಗೆ. ಮಗು ಕಣ್ಣಿನಲ್ಲೇ ಅದರ ಹಿಂದೆ ಹೋಗುತ್ತಿದ್ದಳು. ಬಿಸಿಲು ಅವಳ ಕೈಮೇಲೆ ಬಂದಾಗ ಗಂಟಲಿನಲ್ಲಿ ಒಂದು ಶಬ್ದ ಮಾಡುತ್ತಿದ್ದಳು. ಅದು ನಗು ಎಂದು ಅಕ್ಕ ಹೇಳಿದ ಮೇಲೆ ನನಗೂ ಅದು ನಗುವಾಗಿಯೇ ಕೇಳಿಸಿತು.

ಇಷ್ಟು ಚಂದದ ಜಾಗ ಯಾಕೆ ಕೊಡುತ್ತೀರಿ ಎಂದು ನಾನೇ ಕೇಳಿದ್ದೆ. ಮಗುವಿಗೆ ಆಗಾಗ ಅಪಸ್ಮಾರ ಬರುತ್ತಿತ್ತು. ಬಂದರೆ ಆಸ್ಪತ್ರೆಗೆ ಒಯ್ಯಬೇಕು. ಒಯ್ಯುವುದೆಂದರೆ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಅದರಲ್ಲಿ ಅವಳನ್ನು ಸೀರೆಯಿಂದ ಬಿಗಿದು, ನಾಲ್ಕು ಜನ ಆ ಮೆಟ್ಟಿಲುಗಳಲ್ಲಿ ಇಳಿಸಬೇಕು. ಕೆಳಗಿನ ಜಂಕ್ಷನಿನ ಹುಡುಗರು ಓಡಿ ಬರುತ್ತಿದ್ದರು. ಆದರೆ ಹುಡುಗರು ಎಷ್ಟು ದಿನ ಊರಲ್ಲಿರುತ್ತಾರೆ? ಹಿಂದಿನ ಮಳೆಗಾಲದಲ್ಲಿ ಬೆಳಿಗ್ಗೆ ಶುರುವಾದ ಅಪಸ್ಮಾರಕ್ಕೆ ಜನ ಸೇರುವಾಗ ಮಧ್ಯಾಹ್ನ ಕಳೆದಿತ್ತಂತೆ. ಜಾರುವ ಕಲ್ಲಿನಲ್ಲಿ ಕುರ್ಚಿ ವಾಲಿ, ಅಕ್ಕ ಕೆಳಗಿನಿಂದ ಭುಜ ಕೊಟ್ಟು ತಡೆದರಂತೆ. ಆ ಭುಜ ಮತ್ತೆ ಸರಿಯಾಗಲೇ ಇಲ್ಲ.

"ಆಂಬುಲೆನ್ಸ್ ಬಾಗಿಲಿಗೆ ಬರುವಲ್ಲಿ ಇರ್ಬೇಕು ತಂಗಿ. ನಾಯ್ಮಾರ್ಮೂಲೆಯಲ್ಲಿ ಒಂದು ಸಣ್ಣ ಮನೆ ಉಂಟು, ಮಾರ್ಗಕ್ಕೆ ತಾಗಿ. ಅಷ್ಟು ಸಾಕು ನಮಗೆ."

ರಿಜಿಸ್ಟ್ರಿ ಮುಗಿಯಿತು. ಅಕ್ಕ ಮಗುವನ್ನು ಅದೇ ಕುರ್ಚಿಯಲ್ಲಿ ಹೊರಿಸಿಕೊಂಡು ಇಳಿದು ಹೋದರು.

ಅದಾಗಿ ತಿಂಗಳು ಕಳೆದಿರಲಿಲ್ಲ, ಕೆಳಗಿನ ರಬ್ಬರ್ ತೋಟದವರು ತಾವಾಗಿಯೇ ನಮ್ಮನ್ನು ಹುಡುಕಿಕೊಂಡು ಬಂದರು. ಅಕ್ಕನ ಗಂಡನ ಅಣ್ಣ ಅವರು. ಮುಳ್ಳುತಂತಿ ಅವರದ್ದೇ. "ಕಾರಿದ್ದವರು ನಡ್ಕೊಂಡು ಹತ್ತುದು ಎಂತಕ್ಕೆ? ತೋಟದ ಬದಿಯಿಂದ ದಾರಿ ತೆಗೀರಿ. ನನಗೂ ನಾಳೆ ತೋಟ ಕೊಡ್ಲಿಕ್ಕೆ ಆಗ್ತದಲ್ಲ" ಎಂದು ನಕ್ಕರು. ಮಂಗಳೂರಿನವರು ಬಂದು ಮೇಲೆ ಮನೆ ಕಟ್ಟಿದರೆ, ಮಾರ್ಗವೂ ಆದರೆ, ಅವರ ತೋಟಕ್ಕೂ ಒಳ್ಳೆಯ ಗಿರಾಕಿ ಬರುತ್ತದೆ ಎಂಬುದು ಅವರ ಲೆಕ್ಕ. ಜೆಸಿಬಿ ಬಂತು. ಎರಡೇ ದಿನದಲ್ಲಿ ಕೆಂಪು ಮಣ್ಣಿನ ಮಾರ್ಗ ಗುಡ್ಡ ಸುತ್ತಿ ಅಂಗಳದವರೆಗೆ ಬಂದು ನಿಂತಿತು. ನಮ್ಮ ಕಾರು ಮೊದಲ ಸಲ ಹತ್ತಿದಾಗ ನನ್ನವರು ಮಕ್ಕಳ ಹಾಗೆ ಹಾರ್ನ್ ಹೊಡೆದರು. ನನಗೂ ಖುಷಿಯಾಗಿತ್ತು...

ಅಕ್ಕ ಬಂದದ್ದು ಮುಂದಿನ ಭಾನುವಾರ. ನೆಲದಲ್ಲಿ ಉಳಿದಿದ್ದ ಅರಸಿನ ಕಿತ್ತುಕೊಳ್ಳಬೇಕು ಎಂದು ಫೋನಿನಲ್ಲಿ ಹೇಳಿದ್ದರು. ಮಗುವಿನ ಹತ್ತಿರ ಪಕ್ಕದ ಮನೆಯ ಹೆಂಗಸನ್ನು ಕೂರಿಸಿ ಬಂದಿದ್ದರು. ನಾನೂ ಬ್ರೋಕರೂ ಅಂಗಳದಲ್ಲಿ ನಿಂತು ಅವರು ಮೇಲೆ ಬರುವುದನ್ನು ನೋಡುತ್ತಿದ್ದೆವು. ತಿರುವಿನಲ್ಲಿ ಅವರು ನಿಂತುಬಿಟ್ಟರು. ಗುಡ್ಡ ಕಡಿದ ಹಸಿ ಗೋಡೆಗೆ ಅಂಗೈ ಇಟ್ಟರು.

ಮೇಲೆ ಬಂದು ಕೇಳಿದ್ದು ಒಂದೇ. "ಎಷ್ಟು ದಿನದ ಕೆಲಸ ಇದು?"

"ಎರಡು ದಿನ" ಎಂದೆ. ನನಗೆ ಏನೂ ಗೊತ್ತಿರಲಿಲ್ಲ.

"ಎರಡೇ ದಿನವಾ..." ಎಂದು ಅವರು ಜಗಲಿಯಲ್ಲಿ ಕೂತರು.

ಬ್ರೋಕರ್ ತಲೆ ತಗ್ಗಿಸಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರಿಂದಲೇ ಆಮೇಲೆ ನನಗೆ ಗೊತ್ತಾದದ್ದು. ಅಕ್ಕ ಈ ದಾರಿಗಾಗಿ ಮಗು ಸಣ್ಣವಳಿದ್ದಾಗಿನಿಂದ ಕೇಳುತ್ತಿದ್ದರು. ಭಾವನ ಮನೆಯ ಅಂಗಳದಲ್ಲಿ ನಿಂತು ಕೇಳಿದ್ದರು, ಪಂಚಾಯತ್ತಿನ ಮೆಂಬರನ್ನು ಕರೆದುಕೊಂಡು ಹೋಗಿ ಕೇಳಿದ್ದರು, ಜಾಗದ ಒಂದು ಮೂಲೆ ಬಿಟ್ಟುಕೊಡುತ್ತೇನೆ ಎಂದೂ ಹೇಳಿದ್ದರು. ಗಂಡ ಬದುಕಿದ್ದಾಗಿನ ಪಾಲಿನ ಜಗಳವೊಂದನ್ನು ಹಿಡಿದುಕೊಂಡು ಭಾವ ಒಂದಡಿ ಬಿಡಲಿಲ್ಲ.

ಅಕ್ಕ ಯಾರನ್ನೂ ಬೈಯಲಿಲ್ಲ. ನೀರು ಕುಡಿದರು. "ಈ ಮಾರ್ಗ ಇದ್ದಿದ್ರೆ ನಾನು ಕೊಡ್ತಿರ್ಲಿಲ್ಲ ತಂಗಿ. ನಿನ್ನ ಮೇಲೆ ಬೇಜಾರು ಅಂತ ಅಲ್ಲ, ಹೇಳಿದ್ದಷ್ಟೆ" ಎಂದರು. ನಂತರ ಎದ್ದು ಹೋಗಿ ಅರಸಿನ ಕಿತ್ತರು. ಆ ಅರಸಿನದಲ್ಲಿ ಅರ್ಧ ನನಗೆ ಕಟ್ಟಿಕೊಟ್ಟರು.

ನಾಯ್ಮಾರ್ಮೂಲೆಯ ಮನೆಗೆ ನಾನು ಹೋದದ್ದು ಅದಾದ ಸ್ವಲ್ಪ ದಿನಕ್ಕೆ. ಬಾಗಿಲು ತೆರೆದರೆ ಮಾರ್ಗ. ಬಸ್ಸು, ಲಾರಿ, ಮೀನಿನ ಗಾಡಿ, ಎಲ್ಲದರ ಹಾರ್ನೂ ಒಳಕೋಣೆಯಲ್ಲೇ ಹೊಡೆದ ಹಾಗೆ ಕೇಳುತ್ತಿತ್ತು. ಪ್ರತಿ ಹಾರ್ನಿಗೂ ಮಗುವಿನ ಮೈ ಬೆಚ್ಚಿ ಸೆಟೆಯುತ್ತಿತ್ತು. ಕಿವಿಗೆ ಹತ್ತಿ ಇಟ್ಟಿದ್ದರು. ಮನೆಗೆ ಬಂದು ನೋಡುವ ಪಾಲಿಯೇಟಿವ್ ನರ್ಸು ಮಾತ್ರೆ ಬದಲಿಸಲು ಡಾಕ್ಟರಿಗೆ ಹೇಳಿದ್ದಳು. ಆಸ್ಪತ್ರೆ ಹತ್ತಿರವಿತ್ತು, ನಿಜ. ಆದರೆ ಗುಡ್ಡದ ಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದ ಅಪಸ್ಮಾರ ಇಲ್ಲಿ ವಾರದಲ್ಲಿ ಎರಡು ಮೂರು ಸಲ ಬರುತ್ತಿತ್ತು. ಮಗು ಊಟ ಬಿಟ್ಟಿದ್ದಳು.

ಆ ಮನೆಯದ್ದು ಕಾಂಕ್ರೀಟಿನ ಟೆರೇಸು, ಬಿಸಿಲು ಇಳಿಯಲು ಕನ್ನಡಿ ಹಂಚು ಇರಲಿಲ್ಲ. ನಾನು ಹೊರಡುವಾಗ ಅಕ್ಕ ಒಂದು ಕೈಗನ್ನಡಿ ಹಿಡಿದು ಹೊಸ್ತಿಲಿನ ಹೊರಗೆ ಹೋಗಿ ನಿಂತರು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುತ್ತಿದ್ದರು. ಅಕ್ಕ ಅವರತ್ತ ಗಮನ ಕೊಡದೆ ಕನ್ನಡಿಯನ್ನು ಬಿಸಿಲಿಗೆ ಹಿಡಿದು, ಬಾಗಿಲಿನ ಮೂಲಕ ಒಳಗಿನ ಗೋಡೆಗೆ ಬೆಳಕು ಬೀಳಿಸಿದರು. ನಿಧಾನವಾಗಿ ಅದನ್ನು ಮಗುವಿನ ಕೈಯವರೆಗೆ ತಂದರು. "ನಕ್ಕಳಾ? ನೀನೇ ನೋಡಿ ಹೇಳು ತಂಗಿ, ನನಗೆ ಇಲ್ಲಿಂದ ಕಾಣುದಿಲ್ಲ" ಎಂದು ಹೊರಗಿನಿಂದ ಕೂಗಿ ಕೇಳಿದರು.

ನಾನು ನೋಡಿದೆ. "ನಕ್ಕಳು ಅಕ್ಕ" ಎಂದೆ.

ಅವಳು ನಕ್ಕಿರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುತ್ತಿದ್ದಾಗ ಅಕ್ಕನ ಫೋನ್ ಬಂತು. ಧ್ವನಿಯಲ್ಲಿ ಅಳು ಇರಲಿಲ್ಲ. ಮಗು ಹೋದಳು ಎಂದರು. ಆಂಬುಲೆನ್ಸ್ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬಂದಿತ್ತು, ಆದರೂ ಆಗಲಿಲ್ಲ ಎಂದರು. ಆಮೇಲೆ, "ಒಂದು ಕೇಳ್ತೇನೆ ತಂಗಿ. ಬೇಡ ಅಂದ್ರೆ ಬೇಡ. ಅವಳನ್ನು ಅಲ್ಲಿಗೇ ತರ್ಬಹುದಾ? ಇಲ್ಲಿ ಹಿತ್ತಿಲೂ ಇಲ್ಲ. ಅವಳ ಅಪ್ಪನನ್ನು ಇಟ್ಟದ್ದೂ ಅಲ್ಲಿಯೇ, ಹಲಸಿನ ಮರದ ಹತ್ತಿರ..." ಎಂದರು.

ನನ್ನವರಿಗೆ ಹೇಳಿದೆ. ಹಲಸಿನ ಮರದ ಹತ್ತಿರವೇ ಮನೆ ಕಟ್ಟುವುದೆಂದು ಪ್ಲಾನ್ ಹಾಕಿಸಿ ಆಗಿತ್ತು. ಹೊಸ ಮನೆ ಏಳುವ ನೆಲದಲ್ಲಿ ಚಿತೆ ಎಂದರೆ ಅತ್ತೆಯವರು ಏನೆನ್ನುತ್ತಾರೋ ಎಂಬ ಹೆದರಿಕೆ ನನಗೂ ಇತ್ತು. ನನ್ನವರು ಶರ್ಟಿನ ಗುಂಡಿ ಹಾಕುತ್ತಿದ್ದವರು ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದರು. ಕೊನೆಗೆ, "ಕೇಳುದೆಂತದು, ಅವರದ್ದೇ ಮನೆ ಅಂತ ಹೇಳು. ಹೊರಡುವ" ಎಂದರು.

ನಾವು ತಲುಪುವಾಗ ಮಳೆ ಸ್ವಲ್ಪ ಬಿಟ್ಟಿತ್ತು. ಭಾವ ಒಂದು ಮಾವಿನ ಮರ ಕಡಿಸಿ, ಕೊರಡುಗಳನ್ನು ತಾವೇ ಹೊತ್ತು ಹಾಕುತ್ತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಿಳಿ ಗಾಡಿ ಕೆಂಪು ಮಾರ್ಗದಲ್ಲಿ ಮೆಲ್ಲನೆ ಹತ್ತುತ್ತಾ ಬಂತು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನೇರ ಅಂಗಳಕ್ಕೆ ಬಂದು ನಿಂತಿತು. ಹಿಂದಿನ ಬಾಗಿಲು ತೆರೆದಾಗ ಅಕ್ಕ ಇಳಿದರು. ಗಾಡಿಯಿಂದ ಜಗಲಿಗೆ ಎಷ್ಟು ದೂರ ಎಂದು ಅಳೆಯುವವರ ಹಾಗೆ ಒಮ್ಮೆ ನೋಡಿದರು. ಮತ್ತೆ ಒಳಗೆ ಬಗ್ಗಿ ಮಗುವಿನ ಹೊದಿಕೆ ಸರಿಮಾಡುತ್ತಾ, "ನೋಡು ಮಗಾ, ಗಾಡಿ ಮನೆಯ ಹತ್ತಿರವೇ ಬಂತು. ಇವತ್ತು ಯಾರೂ ಹೊರ್ಲಿಕ್ಕಿಲ್ಲ ನಿನ್ನನ್ನು" ಎಂದರು.

ನನ್ನವರು ಮುಖ ತಿರುಗಿಸಿಕೊಂಡು ಬಾವಿಯ ಕಡೆ ಹೋದರು. ಭಾವನ ಕೈಯಲ್ಲಿದ್ದ ಕೊರಡು ಜಾರಿ ಬಿತ್ತು.

ಆಮೇಲೆ ಅಕ್ಕ ಕೆಲವು ಸಲ ಬಂದರು. ನಾವು ಮನೆಯ ಪ್ಲಾನನ್ನು ಬದಲಿಸಿ ಗುಡ್ಡದ ಇನ್ನೊಂದು ಬದಿಗೆ ಸರಿಸಿದ್ದೆವು. ಮಗುವನ್ನು ಇಟ್ಟಲ್ಲಿ ಅವರು ಒಂದು ತೆಂಗಿನ ಸಸಿ ನೆಟ್ಟರು, ಊರಿನ ಪದ್ಧತಿ ಅದು. ನನ್ನೊಡನೆ ಚಹಾ ಕುಡಿದು, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಇಳಿಯುತ್ತಿದ್ದರು. ಕಾರಿನಲ್ಲಿ ಬಿಡುತ್ತೇನೆ ಎಂದರೂ ಒಪ್ಪುತ್ತಿರಲಿಲ್ಲ. ಮಾರ್ಗದಲ್ಲಿಯೂ ಹೋಗುತ್ತಿರಲಿಲ್ಲ. ಹಳೆಯ ಮೆಟ್ಟಿಲುಗಳಲ್ಲೇ, ಕಾಡು ಬೆಳೆದು ಮುಚ್ಚುತ್ತಿದ್ದ ಆ ಮೆಟ್ಟಿಲುಗಳಲ್ಲೇ ಇಳಿಯುತ್ತಿದ್ದರು. ಬರುವುದು ಕಡಿಮೆಯಾಯಿತು. ಪುತ್ತೂರಿನ ಕಡೆ ಇದ್ದ ತಂಗಿಯ ಮನೆಗೆ ಹೋದರು ಎಂದು ಕೇಳಿದೆ. ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದ್ದೇನೆ ಎನ್ನುತ್ತಿದ್ದರು. ಅವರು ತೀರಿಕೊಂಡ ಸುದ್ದಿ ನಮಗೆ ಸಿಕ್ಕುವಾಗ ಎಲ್ಲ ಮುಗಿದಿತ್ತು. ಅವರನ್ನು ಇಲ್ಲಿಗೆ ತನ್ನಿ ಎಂದು ನಾನು ಹೇಳಬೇಕಿತ್ತು, ಹೇಳಲು ಸಮಯವೇ ಸಿಗಲಿಲ್ಲ...

ಈಗ ನಾವು ಹೆಚ್ಚುಕಡಿಮೆ ಗುಡ್ಡದ ಮೇಲೆಯೇ ಇರುತ್ತೇವೆ. ರಬ್ಬರ್ ತೋಟ ಮಾರಿಹೋಗಿ ಅಲ್ಲಿ ನಾಲ್ಕಾರು ಮನೆಗಳಾಗಿವೆ. ಮಾರ್ಗಕ್ಕೆ ಡಾಮರು ಬಿದ್ದಿದೆ.

ಕಳೆದ ಶುಕ್ರವಾರ ಮಧ್ಯಾಹ್ನದ ಮೇಲೆ ಒಂದು ಹೊಸ ಕಾರು ಬಂದು ನಿಂತಿತು. ಇಳಿದವನು ನಲವತ್ತರ ಆಸುಪಾಸಿನ ಬ್ಯಾರಿ ಗಂಡಸು, ಕೈಯಲ್ಲಿ ಖರ್ಜೂರದ ಡಬ್ಬಿ. ಬಹಳ ವರ್ಷದಿಂದ ದುಬೈಯಲ್ಲಿದ್ದಾನಂತೆ. ಮನೆಯವರೆಲ್ಲ ಈಗ ಉಪ್ಪಳದಲ್ಲಿರುವುದರಿಂದ ರಜೆಗೆ ಬಂದರೂ ಈ ಕಡೆಗೆ ಬರಲು ಆಗಿರಲಿಲ್ಲವಂತೆ. ಮಗುವಿನ ಕುರ್ಚಿ ಇಳಿಸುತ್ತಿದ್ದ ಹುಡುಗರಲ್ಲಿ ತಾನೂ ಒಬ್ಬ ಎಂದ. ನನ್ನನ್ನು ಅಕ್ಕನ ಸಂಬಂಧಿಕಳೆಂದು ತಿಳಿದಿದ್ದನೋ ಏನೋ. ಅಂಗಳದಲ್ಲಿ ನಿಂತು ಕೆಳಗಿನವರೆಗೆ ನೋಡಿ ಅವನ ಮುಖ ಅರಳಿತು.

"ಅಂತೂ ಮಾರ್ಗ ಆಯ್ತಲ್ಲ! ಎಷ್ಟು ಕೇಳಿದ್ರು ಪಾಪ. ಅಕ್ಕ ಇದ್ದಾರಾ?"

"ಇಲ್ಲ" ಎಂದೆ.

"ಎಲ್ಲಿಗೆ ಹೋಗಿದ್ದಾರೆ? ಪರವಾಗಿಲ್ಲ, ಬರುವವರೆಗೆ ಕೂತ್ಕೊಳ್ತೇನೆ" ಎಂದು ಅವನು ಚಪ್ಪಲಿ ಬಿಚ್ಚಿದ.

ನಾನು ಅವನಿಗೆ ಕುರ್ಚಿ ತಂದು ಹಾಕಿದೆ. ಚಹಾಕ್ಕೆ ನೀರಿಟ್ಟು ಬಂದು ಅವನ ಎದುರು ಕೂತೆ.