ಮಂಗಳಾರತಿ ಆರಿಸಿದ ಮೇಷ್ಟ್ರು

ನಾನು ನಿಂತಿದ್ದದ್ದು ಗೋಬರ್ ಗ್ಯಾಸ್ ತೊಟ್ಟಿಯ ಪೂರ್ವಕ್ಕೆ, ಸಗಣಿ ಕಲಸುವ ಗುಂಡಿಯ ಕಟ್ಟೆ ಪಕ್ಕದಲ್ಲಿ. ಎಪ್ಪತ್ತರ ದಶಕದ ನಡುವಿನ ಒಂದು ಶುಕ್ರವಾರ, ಸಂಕ್ರಾಂತಿ ಕಳೆದ ಮೇಲಿನ ಚಳಿ. ಬಿಸಿಲು ಇನ್ನೂ ದನದ ಕೊಟ್ಟಿಗೆಯ ಹೆಂಚಿನಿಂದ ಕೆಳಗಿಳಿದಿರಲಿಲ್ಲ. ಮೇಷ್ಟ್ರ ಬಲಗೈ ನನಗೆ ಪೂರ್ತಿ ಕಾಣುತ್ತಿತ್ತು. ಉರಿಯುತ್ತಿದ್ದ ಕರ್ಪೂರದ ಮೇಲೆ ಆ ಕೈ ಮುಚ್ಚಿಕೊಂಡದ್ದನ್ನು ಕಂಡೆ. ಬೆರಳ ಸಂದಿಯಿಂದ ಒಂದೆಳೆ ಹೊಗೆ ಬಂತು. ಹೊಗೆ ನಿಂತ ಮೇಲೂ ಅವರು ಮುಷ್ಟಿ ಬಿಚ್ಚಲಿಲ್ಲ. ಇಷ್ಟನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಉಳಿದದ್ದರ ಬಗ್ಗೆ ಆ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ಹನಗೋಡಿನ ಕಡೆಯ ಒಂದು ಊರಿನ ಮಾಧ್ಯಮಿಕ ಶಾಲೆ ಅದು. ನಾನು ಕನ್ನಡ ಹೇಳಿಕೊಡಲು ಹೊಸದಾಗಿ ಬಂದಿದ್ದೆ. ಅವರು ವಿಜ್ಞಾನದ ಮೇಷ್ಟ್ರು, ಕೆ.ಆರ್. ನಗರದ ಕಡೆಯವರು, ನಲವತ್ತು ದಾಟಿದ್ದರು. ಪಾಠ ಶುರುಮಾಡುವ ಮೊದಲು ಜೇಬಿನಿಂದ ಏನಾದರೊಂದು ತೆಗೆದು ಮೇಜಿನ ಮೇಲಿಡುವುದು ಅವರ ರೂಢಿ. ಒಂದು ದಿನ ಇದ್ದಿಲು, ಇನ್ನೊಂದು ದಿನ ಬೆರಣಿ ಚೂರು. ಬೆಂಕಿಕಡ್ಡಿ ಗೀರಿದರೆ ಅದನ್ನು ನೀರಿಗೆ ಅದ್ದದೆ ಎಸೆಯುತ್ತಿರಲಿಲ್ಲ. ಮಕ್ಕಳು ಯಾವುದಕ್ಕಾದರೂ "ಗೊತ್ತು ಸಾ" ಅಂದರೆ, "ಗೊತ್ತು ಅನ್ಬೇಡ, ಕಂಡೆ ಅಂತ ಹೇಳು. ಕಂಡಿಲ್ಲ ಅಂದ್ರೆ ಕಂಡಿಲ್ಲ ಅನ್ನು" ಎನ್ನುತ್ತಿದ್ದರು.

ಸೀಮೆಎಣ್ಣೆಗೆ ಡಿಪೋ ಮುಂದೆ ಡಬ್ಬಗಳು ಸಾಲುಗಟ್ಟುತ್ತಿದ್ದ ವರ್ಷಗಳು. ಏಳನೇ ತರಗತಿಗೆ ಇಂಧನದ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಟ್ಟು ಬೋರ್ಡಿನ ನಡುವೆ ಒಂದು ಗೀಟು ಎಳೆದರು. ಎಡಕ್ಕೆ "ಮುಗಿಯುವುದು", ಬಲಕ್ಕೆ "ಮತ್ತೆ ಹುಟ್ಟುವುದು". ಕಲ್ಲಿದ್ದಲು, ಸೀಮೆಎಣ್ಣೆ ಎಡಕ್ಕೆ ಹೋದವು. ಬಿಸಿಲು, ಗಾಳಿ, ಹೊಳೆ ನೀರು ಬಲಕ್ಕೆ. ಪಕ್ಕದ ಕೋಣೆಯಲ್ಲಿದ್ದ ನನಗೆ ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. ಕಾಡಂಚಿನ ಗಿರಿಜನರ ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದು ಕೇಳಿದ:

"ಸೌದೆ ಯಾವ್ ಕಡೀಕೆ ಸಾ?"

"ನೀನೇ ಹೇಳು. ನಿಮ್ಮವ್ವ ಸೌದೆಗೆ ಎಲ್ಲಿಗೆ ಹೋಗ್ತಾಳೆ?"

"ಮೊದ್ಲು ಅಳ್ಳದ್ ತಾವೇ ಸಿಕ್ತಿತ್ತು ಸಾ. ಈಗ ಗುಡ್ಡ ಅತ್ತಬೇಕು. ಒಗೆಸೊಪ್ಪು ಬೇಯ್ಸೋ ಬ್ಯಾರನ್ನೋರು ಲಾರೀಲಿ ತುಂಬ್ಕೊಂಡ್ ಓಯ್ತಾರೆ."

"ಹಂಗಾದ್ರೆ ಗೀಟಿನ ಮೇಲೇ ಬರ್ಕೋ. ಬೆಳೆಯೋದಕ್ಕಿಂತ ಬೇಗ ಸುಟ್ರೆ ಅದು ಎಡಕ್ಕೆ ಜಾರುತ್ತೆ."

ಆಮೇಲೆ ಅವರು, ನಿಮ್ಮೂರಿನಲ್ಲಿ ದಿನಾ ಹುಟ್ಟುವ ಇಂಧನ ಯಾವುದು ಎಂದು ಕೇಳಿದರು. ಹೊಗೆಸೊಪ್ಪು ಬೆಳೆಯುವ ಯಜಮಾನರೊಬ್ಬರ ಮಗಳು ಕೂತಲ್ಲಿಂದಲೇ, "ಸಗಣಿ ಸಾ" ಅಂದಳು.

"ಅವಳ್ ತಲೇಲೂ ಅದೇ ಐತೆ ಸಾ!" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

"ಇರ್ಲಿ ಬಿಡೋ. ಅವಳ ತಲೇಲಿ ಗ್ಯಾಸಾದ್ರೂ ಹುಟ್ಟುತ್ತೆ. ನಿನ್ನ ತಲೇಲಿ?"

ಆ ಹುಡುಗಿ ಮನೆಗೆ ಹೋಗಿ, ಸಗಣಿ ಗ್ಯಾಸಿನ ತೊಟ್ಟಿ ಕಟ್ಟಿಸು ಎಂದು ಅಪ್ಪನ ಬೆನ್ನು ಹತ್ತಿದಳು. ಅವರ ಕೊಟ್ಟಿಗೆ ತುಂಬ ದನ. ಸರ್ಕಾರದ ಸಹಾಯವೂ ಸಿಗುವಂತಿತ್ತು. ಯಜಮಾನರು ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿ: "ಕಟ್ಟುಸ್ತೀನಿ ಕಣವ್ವ. ಉರೀತೋ, ಎಂಟಕ್ಕೆ ಉಣ್ಸೂರಿಗೆ ಕಳುಸ್ತೀನಿ. ಕೆಟ್ಟೋಯ್ತೋ, ಏಳಕ್ಕೇ ಸಾಕು ನಿನ್ ಓದು." ಹುಡುಗಿ ಇದನ್ನು ನಗುತ್ತಲೇ ಬಂದು ಹೇಳಿದಳು. ಮೇಷ್ಟ್ರು ನಗಲಿಲ್ಲ. ಅವತ್ತು ಸಂಜೆ ಕೋಣೆಗೆ ಹೋಗುವ ದಾರಿಯಲ್ಲಿ ನನಗೆ, "ಒಂದು ಗ್ಯಾಸ್ ಡ್ರಮ್ಮಿಗೆ ಆ ಮಗು ಓದನ್ನ ಗಂಟು ಹಾಕ್ಬಿಟ್ಟಿದಾರೆ ಕಣ್ರೀ" ಅಂದರು.

ಬಾವಿಯಂತೆ ತೊಟ್ಟಿ ತೋಡಿ ಇಟ್ಟಿಗೆ ಕಟ್ಟಿದರು. ಅದರ ಮೇಲೆ ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕಿ, ಅಲ್ಲಿಂದ ಅಡುಗೆಮನೆಯ ಒಲೆಗೆ ಪೈಪು ಎಳೆದರು. ಕಲಸಿದ ಸಗಣಿ ಹಾಕುತ್ತ ಹೋದ ಹಾಗೆ ಒಳಗೆ ಗ್ಯಾಸು ಹುಟ್ಟಿ ಡ್ರಮ್ಮು ಮೇಲೇಳಬೇಕು. ಎದ್ದಿತು. ಮೇಷ್ಟ್ರು ಯಜಮಾನರಿಗೆ ಬಿಡಿಸಿ ಹೇಳಿದರು: ಮೊದಲ ಸಲ ತುಂಬಿದ್ದರಲ್ಲಿ ಗಾಳಿ ಬೆರೆತಿರುತ್ತದೆ, ಅದನ್ನು ಹೊತ್ತಿಸುವ ಹಾಗಿಲ್ಲ, ಬಯಲಿಗೆ ಬಿಟ್ಟುಬಿಡಬೇಕು, ಆ ಹೊತ್ತಿನಲ್ಲಿ ಬೆಂಕಿ ಸೋಕಿದರೆ ಡ್ರಮ್ಮು ಸಿಡಿಯಬಹುದು. ಯಜಮಾನರು ಚೆನ್ನಾಗಿಯೇ ನಡೆಸಿದರು. ಆ ಶುಕ್ರವಾರ ಬೆಳಿಗ್ಗೆ ಬಂದವರ ಬೀಡಿ, ಬೆಂಕಿಪೊಟ್ಟಣ ಎಲ್ಲ ಇಸಿದುಕೊಂಡರು. ಹಿತ್ತಿಲಿನ ನೀರೊಲೆ ಆರಿಸಿದರು. ಮಕ್ಕಳನ್ನು ಮೇಷ್ಟ್ರು ಬೇಲಿಯ ಬಳಿ ಸಾಲಾಗಿ ನಿಲ್ಲಿಸಿದರು.

ಬೆಂಕಿ ತರಬೇಡಿ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿತ್ತು. ಮಂಗಳಾರತಿಯನ್ನು ಆ ಮನೆಯಲ್ಲಿ ಯಾರೂ ಬೆಂಕಿಯ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಡ್ರಮ್ಮಿನ ನೆತ್ತಿಯಲ್ಲಿದ್ದ ನಲ್ಲಿಯನ್ನು ಮೇಷ್ಟ್ರು ಹಲಗೆ ಹತ್ತಿ ತಿರುಗಿಸಿ ಇಳಿದರು. ಗ್ಯಾಸು ಸುಯ್ಯೆಂದು ಬರತೊಡಗಿತು. ಕೊಳೆತ ವಾಸನೆ ನನ್ನವರೆಗೂ ಬಂತು. ಅಷ್ಟರಲ್ಲಿ ಕೊಟ್ಟಿಗೆಯ ಮೂಲೆ ತಿರುಗಿ ಯಜಮಾನರ ತಾಯಿ ಬಂದರು. ಮನೆಗೆ ಹೊಸ ಗಾಡಿ ಬರಲಿ, ಪಂಪ್‌ಸೆಟ್ ಬರಲಿ, ಮೊದಲ ಆರತಿ ಎತ್ತುತ್ತಿದ್ದವರು ಅವರೇ. ಡ್ರಮ್ಮಿಗೆ ನಸುಕಿನಲ್ಲೇ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂ ಇಟ್ಟಿದ್ದರು. ಈಗ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಪಕ್ಕದಲ್ಲಿ ಮೊಮ್ಮಗಳು, ಅದೇ ಹುಡುಗಿ, ಗಂಟೆ ಬಾರಿಸಿಕೊಂಡು ಬರುತ್ತಿದ್ದಳು. "ಅವ್ವಾ, ನಿಲ್ಲಿ!" ಎಂದು ಮೇಷ್ಟ್ರು ಕೂಗಿದ್ದು ನನಗೆ ಕೇಳಿತು. ಗಂಟೆಯ ಸದ್ದಿನಲ್ಲಿ ಅಜ್ಜಿಗೆ ಕೇಳಲಿಲ್ಲ. ಅವರು ನೇರ ಬಂದು, ಡ್ರಮ್ಮಿನಿಂದ ಒಂದು ಮಾರಿನಷ್ಟು ದೂರದಲ್ಲಿ ನಿಂತು, ತಟ್ಟೆಯನ್ನು ಮೇಲೆತ್ತಿದರು.

ಮೇಷ್ಟ್ರು ಓಡಿಬಂದು ನಡುವೆ ನುಗ್ಗಿದರು. ಮೊದಲಿಗೆ ಬರೆದದ್ದು ಆಗ ನಡೆದದ್ದು. ತಟ್ಟೆ ಉರುಳಿತು. ಗಂಟೆ ನಿಂತಿತು.

"ದೇವ್ರ್ ದೀಪ ಆರ್ಸ್ಬುಟ್ಟಲ್ಲೋ ಪಾಪಿ!" ಎಂದು ಅಜ್ಜಿ ಚೀರಿದರು. "ಊದ್ಬುಟ್ಟ! ಬಾಯ್ ಎಂಜ್ಲು ಬಿತ್ತು!"

ಗ್ಯಾಸು ಪೂರ್ತಿ ಹೋಗುವವರೆಗೆ ಮೇಷ್ಟ್ರು ಅಲ್ಲಿಂದ ಕದಲಲಿಲ್ಲ. ಸುತ್ತ ಗಂಡಸರು ಬೈಯುತ್ತಿದ್ದರು. "ಸಿಡೀತದೆ ಸಿಡೀತದೆ ಅಂದ್ರಲ್ಲ, ಎಲ್ ಸಾ ಸಿಡೀತು?" ಎಂದು ಒಬ್ಬ ಅವರ ಮುಖದ ಹತ್ತಿರವೇ ಬಂದು ಕೇಳಿದ. ಡ್ರಮ್ಮು ತಳಕ್ಕೆ ಇಳಿದ ಮೇಲೆ ಮೇಷ್ಟ್ರು ನಲ್ಲಿ ಮುಚ್ಚಿದರು, ಎಡಗೈಯಲ್ಲಿ.

ಸಂಜೆ ಯಜಮಾನರ ಜಗಲಿಯಲ್ಲಿ ಹಿರಿಯರು ಸೇರಿದರು. ಅಜ್ಜಿ ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ. ಹಿರಿಯರು ನನ್ನನ್ನು ಕರೆದು ಕೇಳಿದರು: "ನೀವ್ ಪಕ್ಕದಾಗೇ ಇದ್ರಿ. ಏನ್ ಕಂಡ್ರಿ ಏಳಿ."

ನಾನು ಕಂಡದ್ದನ್ನು ಹೇಳಿದೆ. ಗ್ಯಾಸಿನ ಸದ್ದು ಕೇಳಿತು, ವಾಸನೆ ಬಂತು, ಆರತಿ ಒಂದು ಮಾರು ದೂರದಲ್ಲಿತ್ತು, ಮೇಷ್ಟ್ರು ಊದಲಿಲ್ಲ, ಕೈಯಲ್ಲಿ ಮುಚ್ಚಿದರು. ಸಿಡಿಯುತ್ತಿತ್ತೋ ಇಲ್ಲವೋ ನಾನು ಕಂಡಿಲ್ಲ. ಕೊನೆಯ ಮಾತೊಂದನ್ನೇ ಅವರು ಎತ್ತಿಕೊಂಡರು. "ಅಂಗಾರೆ ಒಂದ್ ಡಬ್ಬೀಲಿ ಇಡ್ದು ಸಿಡ್ಸಿ ತೋರ್ಸ್ಲಿ" ಎಂದು ಯಾರೋ ಅಂದರು. ಯಜಮಾನರು ಮೇಷ್ಟ್ರ ಕಡೆ ತಿರುಗಿದರು.

"ತೋರಿಸಲ್ಲ" ಅಂದರು ಮೇಷ್ಟ್ರು.

"ಆಯ್ತು ಬುಡಿ" ಎಂದು ಯಜಮಾನರು ಎದ್ದು ಒಳಗೆ ಹೋದರು. ಶನಿವಾರ ಹುಡುಗಿ ಶಾಲೆಗೆ ಬರಲಿಲ್ಲ. ಸೋಮವಾರವೂ ಬರಲಿಲ್ಲ.

ನಾನು ತಡೆಯಲಾರದೆ ಮೇಷ್ಟ್ರನ್ನು ಕೇಳಿದೆ. ತೋರಿಸಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತಲ್ಲ?

"ತೋರಿಸೋದೇನು ಕಷ್ಟ ಕಣ್ರೀ. ಢಂ ಅಂದ್ರೆ ನಾನು ಗೆದ್ದೆ. ಆಮೇಲೆ ಆ ಅಜ್ಜಿ ಜನ್ಮದಲ್ಲಿ ಗ್ಯಾಸ್ ಒಲೆ ಹತ್ರ ಬರ್ತಾರಾ? ಆ ಮನೇಲಿ ಒಲೆ ಹೊತ್ತದೆ ಹೋದ್ರೆ ಹುಡುಗಿ ಗತಿ ಏನು?" ಆಮೇಲೆ, "ತಪ್ಪು ನನ್ನ ಪಾಠದಲ್ಲೂ ಇದೆ. ಬಲಗಡೆ ಬರೆದದ್ದೆಲ್ಲ ಸಾಧು ಅನ್ನೋ ಹಾಗೆ ಹೇಳ್ಬಿಟ್ಟಿದ್ದೆ" ಅಂದರು.

ಅವತ್ತು ನನ್ನ ಪಕ್ಕದಲ್ಲೇ ನಿಂತಿದ್ದ ಸಗಣಿ ಕಲಸುವ ಆಳು ಮಾತ್ರ ಯಾರ ಮಾತಿಗೂ ಕಾಯದೆ ದಿನಾ ತೊಟ್ಟಿಗೆ ಹಾಕುತ್ತಲೇ ಇದ್ದ. ಡ್ರಮ್ಮು ಮತ್ತೆ ಎದ್ದಿತು. ಗಾಳಿ ಇನ್ನೂ ಉಳಿದಿರಬಹುದೆಂದು ಆ ಗ್ಯಾಸನ್ನೂ ಮೇಷ್ಟ್ರು ಬಯಲಿಗೆ ಬಿಟ್ಟರು. ಮನೆಯವರು ಯಾರೂ ಹೊರಗೆ ಬರಲಿಲ್ಲ. ಅದರ ನಂತರ ತುಂಬಿದಾಗ ಅವರು ನನ್ನನ್ನೂ ಕರೆದುಕೊಂಡು ಹೋಗಿ ಅಡುಗೆಮನೆಯ ಹೊಸ್ತಿಲಾಚೆ ನಿಂತರು. ಒಳಗೆ ಅಜ್ಜಿ ಬೆನ್ನು ಮಾಡಿ ಕೂತಿದ್ದರು. ಯಜಮಾನರು ಕಂಬಕ್ಕೆ ಒರಗಿ ನೋಡುತ್ತಿದ್ದರು.

"ಅವ್ವಾ, ಒಲೆ ನೀವೇ ಹೊತ್ತಿಸಬೇಕು. ಕರ್ಪೂರದಿಂದಲೇ ಹೊತ್ತಿಸಿ."

"ಆರ್ಸ್ದೋನ್ ನೀನು. ನೀನೇ ಅಚ್ಚು."

"ನನ್ನ ಕೈಲಿ ಕಡ್ಡಿ ಹಿಡಿಯೋಕೆ ಆಗ್ತಿಲ್ಲ ಅವ್ವಾ."

ಅಜ್ಜಿ ತಿರುಗಿದರು. ಮೇಷ್ಟ್ರು ಬಟ್ಟೆ ಸುತ್ತಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಬಿಚ್ಚು" ಅಂದರು ಅಜ್ಜಿ. ಬಿಚ್ಚಿದರು. ಅಂಗೈ ತುಂಬ ಬೊಬ್ಬೆ ಒಡೆದು ಹಸಿಯಾಗಿತ್ತು. ಅಜ್ಜಿ ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ಊದ್ದೆ ಅಂದ್ಕಂಡಿದ್ದೆ. ಕೈಲಿ ಇಡ್ದಿದ್ಯೇನಪ್ಪ?"

"ದೀಪ ಊದಬಾರದು ಅಂತ ನಮ್ಮವ್ವನೂ ಹೇಳಿದ್ಲು."

ಅಜ್ಜಿ ಕರ್ಪೂರ ಹಚ್ಚಿದರು. ಒಲೆಯ ನಲ್ಲಿ ತಿರುಗಿಸಿದಾಗ ಸಣ್ಣಗೆ ಸದ್ದಾಯಿತು. ಗವಾಕ್ಷಿಯ ಬಿಸಿಲು ನೇರ ಒಲೆಯ ಮೇಲೆ ಬಿದ್ದಿತ್ತು. ಏನೂ ಕಾಣಲಿಲ್ಲ. "ಅತ್ಲಿಲ್ಲ" ಎಂದು ಯಜಮಾನರು ಕಂಬ ಬಿಟ್ಟು ಹೊರಟರು. ಅಜ್ಜಿ ಒಲೆಯ ಮೇಲೆ ಕೈ ಚಾಚಿ ಸರಕ್ಕನೆ ಹಿಂದೆಗೆದರು. "ಉರೀತಾ ಐತೆ ಕಣ್ಲಾ! ನೀಲಿಗೈತೆ, ಕಾಣ್ದು ಅಷ್ಟೆ. ಆಲು ತತ್ತಾ!"

ಹಾಲು ಉಕ್ಕಿತು. ಯಜಮಾನರು ಕ್ಷಮಿಸಿ ಅಂತಲೂ ಅನ್ನಲಿಲ್ಲ, ಒಳ್ಳೆಯದಾಯಿತು ಅಂತಲೂ ಅನ್ನಲಿಲ್ಲ. ನಾವು ಹೊರಡುವಾಗ ಬಾಗಿಲವರೆಗೆ ಬಂದು ಕೇಳಿದರು: "ಉಣ್ಸೂರ್ ಬಸ್ಸು ಇಸ್ಕೂಲ್ ಒತ್ತಿಗೆ ಓಯ್ತದಾ ಮೇಷ್ಟ್ರೆ?"

ಊರು ಮಾತ್ರ ಪೂರ್ತಿ ಒಪ್ಪಲಿಲ್ಲ. ದೀಪ ಆರಿಸಿದವನು ಎಂಬ ಮಾತು ಅಲ್ಲಲ್ಲಿ ಉಳಿಯಿತು. ಆ ಬೇಸಿಗೆಯಲ್ಲಿ ಅವರಿಗೆ ಅಂತರಸಂತೆಯ ಕಡೆಗೆ ವರ್ಗವಾಯಿತು. ಕೇಳಿ ಪಡೆದದ್ದೋ, ಕೊಡಿಸಿದ್ದೋ ನನಗೆ ತಿಳಿಯದು. ಮೇಷ್ಟ್ರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಅಜ್ಜಿಯೂ ಯಜಮಾನರೂ ಅವರಿಗಿಂತ ಮೊದಲೇ ಹೋದರು.

ತೊಟ್ಟಿಯ ಹತ್ತಿರ ನಿಂತು ಅದನ್ನು ಕಂಡವರಲ್ಲಿ ನನಗೆ ತಿಳಿದಂತೆ ಇನ್ನೂ ಇರುವವರು ಮೂರೇ ಜನ. ಗಂಟೆ ಬಾರಿಸುತ್ತಿದ್ದ ಹುಡುಗಿ ಹುಣಸೂರಿನಲ್ಲಿ ಓದಿ ನರ್ಸಾದಳು, ನಿವೃತ್ತಳಾಗಿ ಪಿರಿಯಾಪಟ್ಟಣದಲ್ಲಿದ್ದಾಳೆ. ಸಗಣಿ ಕಲಸುತ್ತಿದ್ದ ಆಳು ಅದೇ ಊರಿನಲ್ಲಿ ಮಗನ ಮನೆಯಲ್ಲಿದ್ದಾನೆ, ಕಣ್ಣು ಮಂಜಾಗಿದೆ. ಮೂರನೆಯವನು ನಾನು. ಡ್ರಮ್ಮು ಸಿಡಿದದ್ದನ್ನು ಮೂವರಲ್ಲಿ ಯಾರೂ ಕಂಡಿಲ್ಲ. ಕಾಣದೆ ಇಷ್ಟು ವರ್ಷ ಬದುಕಿದ್ದೇವೆ.