ತೌಹೀದನ ‘ಗದ್ದಲ’ ನಿಂತದ್ದು

ಶಹಾಬಾದಿನ ತೌಹೀದನಿಗೆ ರಾಕ್ ಹಾಡುಗಳ ಗೀಳು ಹತ್ತಿದ್ದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹತ್ತನೆಯ ತರಗತಿಯ ರಜೆಗೆ ಸೋದರಮಾವನ ಮನೆಗೆ ಹೋದಾಗ, ಪಕ್ಕದ ಮನೆಯ ಗಾರ್ಡ್ ಸಾಹೇಬರು ಟೇಪಿಗೆ ಹಾಕಿದ ಇಂಗ್ಲಿಷ್ ಹಾಡು ಗೋಡೆ ದಾಟಿ ಬಂತು. ಒಂದು ಮಾತೂ ತಿಳಿಯಲಿಲ್ಲ. ಹಾಡುವವನ ಗಂಟಲು ಮಾತ್ರ ಹರಿದುಹೋಗುವಂತಿತ್ತು. ಭಂಕೂರಿನ ಖಣಿಯಲ್ಲಿ ಕಲ್ಲು ಒಡೆದು ಬಂದು ಅಪ್ಪ ಕೆಮ್ಮುವಾಗಲೂ ಹೀಗೇ ಕೇಳಿಸುತ್ತದೆ ಎಂದು ಹುಡುಗನಿಗೆ ಅನಿಸಿತು.

ಮುಂದೆ ಕಲಬುರಗಿಯ ಖಾಸಗಿ ಎಫ್‌ಎಂ ಕೇಂದ್ರವೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು. ವಾರವೆಲ್ಲ ಸಿನಿಮಾ ಹಾಡು, ಸೀರೆ ಅಂಗಡಿಯ ಜಾಹೀರಾತು. ಹಟ ಹಿಡಿದು ರವಿವಾರ ಸಂಜೆ ಒಂದು ಗಂಟೆ ತನಗೆಂದು ಪಡೆದ. ಆ ಕಾರ್ಯಕ್ರಮಕ್ಕೆ ‘ಗದ್ದಲ’ ಎಂದು ಹೆಸರಿಟ್ಟ. ಹೊರದೇಶದ ಆಲ್ಟರ್ನೇಟಿವ್ ರಾಕ್ ಜೊತೆಗೆ ಇಲ್ಲಿಯವರದೂ ಇರುತ್ತಿತ್ತು. ಸೇಡಂ, ಚಿತ್ತಾಪುರದ ಕಾಲೇಜು ಹುಡುಗರು ತಾವೇ ಬಾರಿಸಿದ ಹಾಡನ್ನು ಪೆನ್‌ಡ್ರೈವಿನಲ್ಲಿ ತಂದುಕೊಡುತ್ತಿದ್ದರು. ವಾಡಿಯ ಭೀಮು ಸಿಮೆಂಟಿನ ಧೂಳಿನ ಬಗ್ಗೆ ಕಟ್ಟಿದ ಹಾಡನ್ನು ಜನ ಮೊದಲು ಕೇಳಿದ್ದು ಅಲ್ಲೇ.

ಆಮೇಲೆ ಕೇಂದ್ರದ ಆಡಳಿತ ಬೆಂಗಳೂರಿನ ಕಚೇರಿಗೆ ಹೋಯಿತು. ಒಂದು ಗಂಟೆ ಅರ್ಧ ಗಂಟೆಯಾಯಿತು. ಸಂಜೆಯಿಂದ ಬೆಳಗಿನ ಆರಕ್ಕೆ ಸರಿಯಿತು. ಯಾವ ಹಾಡು ಹಾಕಬೇಕೆಂಬ ಪಟ್ಟಿಯೂ ಅಲ್ಲಿನ ಕಂಪ್ಯೂಟರಿನಿಂದಲೇ ಬರತೊಡಗಿತು. ಕಡೆಗೊಂದು ದಿನ ಹೊಸ ಮ್ಯಾನೇಜರ್ ಕರೆದು, ತಿಂಗಳ ಕೊನೆಗೆ ‘ಗದ್ದಲ’ ನಿಲ್ಲುತ್ತದೆ ಎಂದರು.

“ಅದನ್ನ ಕೇಳೋರು ಯಾರೂ ಇಲ್ಲ ತೌಹೀದ್.”

“ಅದಾರ್ರಿ ಸರ್.”

“ಎಲ್ಲಿದ್ದಾರೆ? ಕರ್ಕೊಂಡು ಬಂದು ತೋರಿಸಿ ನೋಡೋಣ.”

ಅವರು ಮಾತಿಗೆ ಅಂದಿದ್ದರು. ತೌಹೀದ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ರಜೆ ಹಾಕಿ, ಫೋನಿನಲ್ಲಿ ಕೇಳುಗರ ಮಾತು ರೆಕಾರ್ಡ್ ಮಾಡಿಕೊಂಡು ಬರುತ್ತೇನೆಂದು ಬಸ್ಸು ಹತ್ತಿದ.

ಸೇಡಂ ಕಾಲೇಜಿನ ಮುಂದೆ ನಿಂತು ಕೇಳಿದರೆ ಹುಡುಗಿಯೊಬ್ಬಳಿಗೆ ನಗು ಬಂತು. “ರೇಡಿಯೋ ಯಾರ್ ಕೇಳ್ತಾರ್ರಿ ಸರ್? ನಮ್ಮ ಫೋನಿನಾಗ ಅದು ಬರಂಗೇ ಇಲ್ಲ.” ಚಿತ್ತಾಪುರದಲ್ಲಿ ಡ್ರಮ್ ಬಾರಿಸುತ್ತಿದ್ದವನು ಊರನ್ನೇ ಬಿಟ್ಟಿದ್ದ. ವಾಡಿಯಲ್ಲಿ ಭೀಮು ಸಿಕ್ಕ, ಮೈಯೆಲ್ಲ ಬೂದಿಬಣ್ಣ, ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ಗಿಟಾರು ಅಟ್ಟದ ಮೇಲಿತ್ತು.

“ಈಗ ಹಾಡು ಕಟ್ಟಿ ನೆಟ್ಟಿಗಿ ಹಾಕಿದ್ರ ಹನ್ನೊಂದು ಮಂದಿ ನೋಡ್ತಾರ, ಭಾಯ್. ಅದ್ರಾಗ ಮೂರು ಸಲ ನಾನೇ ನೋಡಿರ್ತೀನಿ,” ಎಂದ ಭೀಮು. “ನಿಮ್ಮ ರೇಡಿಯೋದಾಗ ಬಂದಾಗ ನಮ್ಮವ್ವ ಓಣಿ ಮಂದೀನೆಲ್ಲ ಕರ್ದು ಕುಂದರ್ಸಿದ್ಳು.”

ಸುಲೇಪೇಟದಲ್ಲಿ ಬಟ್ಟೆ ಹೊಲಿಯುವ ಅಂಬಿಕಾ ಅವನ ದನಿ ಕೇಳಿದ ಕೂಡಲೇ ಮಷಿನ್ ನಿಲ್ಲಿಸಿ ಎದ್ದಳು. ಅಷ್ಟು ದೂರಕ್ಕೆ ಸ್ಟೇಷನ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ರೇಡಿಯೋವನ್ನು ಕಿಟಕಿಯ ಸರಳಿಗೆ ಕಟ್ಟಿಟ್ಟಿದ್ದಳು.

“ಕುಂದ್ರಿ ಅಣ್ಣಾ. ನಂಗ ಆ ಹಾಡಿನ ಮಾತು ಒಂದೂ ತಿಳ್ಯಂಗಿಲ್ಲ. ನನ್ನ ಗಂಡ ಹೋದಾಗ ಮನಿಗಿ ಬಂದವ್ರೆಲ್ಲ ಸುಮ್ನಿರು, ಸಮಾಧಾನ ಮಾಡ್ಕೊ ಅಂದ್ರು. ಸುಮ್ನಿದ್ದೆ. ನಿಮ್ಮ ರೇಡಿಯೋದಾಗ ಯಾರೋ ನನ್ನ ಬದ್ಲಿ ಗಂಟ್ಲು ಹರಕೊಂಡು ಒದರ್ಲಿಕತ್ತಿದ್ರು. ಅದಕ್ಕ ಕೇಳ್ತೀನಿ.”

ತೌಹೀದ ಅದನ್ನು ರೆಕಾರ್ಡ್ ಮಾಡಿಕೊಂಡ. ಚಿಮ್ಮನಚೋಡದವರೆಗೂ ಹೋಗಿ ಬಂದು ಎಣಿಸಿದರೆ ‘ಗದ್ದಲ’ ಕೇಳುವವರು ಒಟ್ಟು ಹತ್ತೊಂಬತ್ತು ಮಂದಿ. ಹೆಂಡತಿ ಜಬೀನ್ ಅವನ ಮುಖ ನೋಡಿ, “ಇಷ್ಟ್ ಮಂದಿ ಸಾಕಾಗ್ತಾರೇನ್ರಿ?” ಎಂದಳು. ಅವನು ಊಟದ ತಟ್ಟೆ ಸರಿಸಿ ಎದ್ದುಹೋದ.

ಮ್ಯಾನೇಜರ್ ಅಂಬಿಕಾಳ ಮಾತನ್ನು ಅರ್ಧ ಕೇಳಿ ಫೋನ್ ತಿರುಗಿ ಕೊಟ್ಟರು. “ಪಾಪ, ನಿಜ. ಆದ್ರೆ ಕೇಳುಗರನ್ನ ಎಣಿಸೋ ನಮ್ಮ ಸರ್ವೇಲಿ ಈ ಊರುಗಳೇ ಬರಲ್ವಲ್ಲ. ಕೊನೇ ಭಾನುವಾರ ಮಾಡಿ ಮುಗಿಸಿಬಿಡಿ.”

ಆ ರವಿವಾರಕ್ಕಾಗಿ ತೌಹೀದ ವಾರವಿಡೀ ನಿದ್ದೆಗೆಟ್ಟ. ಹತ್ತೊಂಬತ್ತು ಮಂದಿಗೂ ಫೋನ್ ಮಾಡಿ, ತಪ್ಪದೆ ಕೇಳ್ರಿ ಎಂದ. ಬೆಳಗಿನ ಆರಕ್ಕೆ ಸ್ಟುಡಿಯೋದಲ್ಲಿ ಕೂತು ಮೈಕಿನ ಗುಂಡಿ ಒತ್ತಿದ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಕಂಪ್ಯೂಟರಿನ ಪಟ್ಟಿಯನ್ನು ಬದಿಗಿಟ್ಟು ಭೀಮುವಿನ ಹಾಡು ಹಾಕಿದ. ಅಂಬಿಕಾಳ ಮಾತು ಕೇಳಿಸಿದ. ಆಮೇಲೆ ತಾನೇ ಮಾತಿಗಿಳಿದ. ನಾವು ಹತ್ತೊಂಬತ್ತೇ ಮಂದಿ ಇರಬಹುದು, ಆದರೆ ಇದ್ದೇವೆ, ಈ ಸೀಮೆಯವರಿಗೆ ಒದರಲು ಒಂದು ಅರ್ಧ ಗಂಟೆಯಾದರೂ ಉಳಿಸಿಕೊಡಿ ಎಂದು ಬೇಡಿಕೊಂಡ. ಒಬ್ಬೊಬ್ಬರ ಹೆಸರನ್ನೂ ಊರನ್ನೂ ಹೇಳುತ್ತ ಹೋದಂತೆ ದನಿ ಒಡೆಯಿತು, ಅಳು ಬಂತು. ಅಳುತ್ತಲೇ ಮುಗಿಸಿದ. ಇಯರ್‌ಫೋನ್ ತೆಗೆದಾಗ ಮನಸ್ಸು ಹಗುರಾಗಿತ್ತು.

ಫೋನಿಗೆ ಒಂದು ಸಂದೇಶವೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಂಬಿಕಾಳ ಕರೆ ಬಂತು.

“ಅಣ್ಣಾ, ಆರಕ್ಕೇ ಹಚ್ಚಿ ಕುಂತೀನಿ. ಬರೇ ಸಿನಿಮಾ ಹಾಡು ಬರ್ಲಿಕತ್ತಾವ. ನೀವು ಯಾವಾಗ ಬರ್ತೀರಿ?”

ಅವನು ಪಕ್ಕದ ಕೋಣೆಗೆ, ತಂತ್ರಜ್ಞನ ಬಳಿ ಓಡಿದ. ಪ್ರಸಾರವನ್ನು ಬೆಳಗಿನ ಐದಕ್ಕೇ ಬೆಂಗಳೂರಿಗೆ ಜೋಡಿಸಲಾಗಿತ್ತು. ಕೆಂಪು ದೀಪ ಹತ್ತುವುದು ಮೈಕಿನ ಗುಂಡಿ ಒತ್ತಿದ್ದಕ್ಕೆ, ಪ್ರಸಾರಕ್ಕಲ್ಲ. ಇಯರ್‌ಫೋನಿನಲ್ಲಿ ಕೇಳುವುದು ಆ ಕೋಣೆಯ ಸದ್ದು. ಅವನ ಮಾತು ಗೋಡೆಯಾಚೆ ಹೋಗಿರಲೇ ಇಲ್ಲ. ಯಾವ ಯಂತ್ರವೂ ಅದನ್ನು ಹಿಡಿದಿಟ್ಟುಕೊಂಡಿರಲಿಲ್ಲ. “ಮೇಲಿಂದ ಆರ್ಡರ್ ಬಂದಿತ್ರಿ. ನಿಮಗ ಸಾಹೇಬ್ರು ಹೇಳಿರ್ತಾರ ಅಂದ್ಕೊಂಡಿದ್ದೆ,” ಎಂದ ತಂತ್ರಜ್ಞ ನೆಲ ನೋಡುತ್ತ.

ತೌಹೀದ ಇನ್ನೊಮ್ಮೆ ಮೈಕಿನ ಮುಂದೆ ಹೋಗಿ ಕೂತ. ಅದೇ ಮಾತನ್ನು ಮತ್ತೆ ಆಡಿ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಬಹುದಿತ್ತು. ಬಾಯಿ ತೆರೆದರೆ ಒಂದು ಮಾತೂ ಹೊರಡಲಿಲ್ಲ.

ಅವನ ಕೆಲಸವೇನೂ ಹೋಗಲಿಲ್ಲ. ಜಾಹೀರಾತುಗಳಿಗೆ ದನಿ ಕೊಡುವುದೇ ಈಗ ಅವನ ಕೆಲಸ. ರವಿವಾರ ಮನೆಯಲ್ಲೇ ಇರುತ್ತಾನೆ. ಮೂರು ರವಿವಾರ ಅಂಬಿಕಾ ಕರೆ ಮಾಡಿದಳು. ಮೂರು ಸಲವೂ ಅವನು ಫೋನನ್ನು ಬೋರಲು ಹಾಕಿದ. ನಾಲ್ಕನೆಯ ಸಲ ಜಬೀನಳೇ ಎತ್ತಿಕೊಂಡಳು.

“ಅವ್ರು ಇನ್ನ ರೇಡಿಯೋದಾಗ ಬರಂಗಿಲ್ರಿ, ಅಕ್ಕಾ.”

ತೌಹೀದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.